ತಿಂಗಳ ಕಾಫಿಗೆ ಎರಡು ಸ್ನಾನ

ಕಾಫಿ ಚರಟದ ಬಕೆಟ್ಟಿಗೆ ನಿಂಬೆಹಣ್ಣಿನ ಸಿಪ್ಪೆ ಎಸೆಯುವವರಿಗೆ ಯಾವ ಶಿಕ್ಷೆ ಕೊಡಬೇಕು ಎಂಬ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯಗಳಿವೆ. ಅಚ್ಚಿನಲ್ಲಿ ಹೇಳುವಂಥವಲ್ಲ. ಮನೆಯ ಹತ್ತಿರದ ಹೋಟೆಲಿನವರ ಜತೆ ನನಗೊಂದು ಒಡಂಬಡಿಕೆಯುಂಟು: ಮುಚ್ಚಳದ ನೀಲಿ ಬಕೆಟ್ಟು ನನ್ನದು, ಅದರೊಳಗೆ ಬೀಳುವ ಚರಟವೂ ನನ್ನದು. ಬೆಳಗಿನ ತಿಂಡಿಯ ಗಲಾಟೆ ಇಳಿದ ಮೇಲೆ ಹೋಗಿ ಹೊತ್ತು ತರುತ್ತೇನೆ. ಅವರಿಗೆ ಕಸ ಕಡಿಮೆಯಾಯಿತು, ನನಗೆ ಕೆಲಸ ಸಿಕ್ಕಿತು. ಹೀಗೆ ಎಲ್ಲ ಸುಖವಾಗಿದ್ದಾಗ ಅಲ್ಲಿಗೆ ಹೊಸ ಹುಡುಗನೊಬ್ಬ ಬಂದು ಸೇರಿಕೊಂಡಿದ್ದಾನೆ. ಅವನ ಕಣ್ಣಿಗೆ ಬಕೆಟ್ಟೆಂದರೆ ಬಕೆಟ್ಟು. ಲೆಮನ್ ಟೀಯ ಸಿಪ್ಪೆ, ಪೇಪರ್ ಲೋಟ, ಒಂದು ದಿನ ಯಾರೋ ಕಚ್ಚಿ ಬಿಟ್ಟ ಅರ್ಧ ವಡೆ. ಕೇಳಿದರೆ, "ಅಮ್ಮಾ, ಹೆಂಗಿದ್ರೂ ಸುಡೋದೇ ಅಲ್ವಾ?" ಅಂದ.

ಸುಡೋದೇ ಅಲ್ವಂತೆ! ನಿಂಬೆ ಸಿಪ್ಪೆ ಸುಡುವುದಿಲ್ಲ ಮಹರಾಯ, ಬೇಯುತ್ತದೆ. ಚರಟದಿಂದ ನಾನು ಒಲೆಗೆಂದು ಕಟ್ಟುವ ಕೊರಡಿನ ಹೊಟ್ಟೆಯೊಳಗೆ ಅಡಗಿ ಕೂತು, ಸುತ್ತಲಿನ ಚರಟವೆಲ್ಲ ಒಣಗಿದ ಮೇಲೂ ತಾನು ಮಾತ್ರ ನೀರು ಬಿಡುತ್ತಿರುತ್ತದೆ. ಅಲ್ಲಿಂದಲೇ ಹಸಿರು ಬೂಸಲು ಹೊರಡುತ್ತದೆ. ಟೀ ಚರಟವಂತೂ ಇನ್ನೂ ಕೇಡು. ನಮ್ಮ ಹೋಟೆಲುಗಳಲ್ಲಿ ಟೀ ಸೊಪ್ಪು ಹಾಲು ಸಕ್ಕರೆಗಳ ಜತೆಯಲ್ಲೇ ಕುದಿಯುವುದರಿಂದ ಅದು ಸಂಜೆಯೊಳಗೆ ಹುಳಿವಾಸನೆ ಹೊಡೆದು ಊರಿನ ಇರುವೆಯನ್ನೆಲ್ಲ ಕರೆಯುತ್ತದೆ. ಕಾಫಿ ಚರಟದ ದೊಡ್ಡತನವಿರುವುದು ಇಲ್ಲೇ. ಅದು ಫಿಲ್ಟರಿನೊಳಗೆ ಕಂಡದ್ದು ಬರೀ ಬಿಸಿನೀರನ್ನು. ಹಾಲು, ಸಕ್ಕರೆ ಎಲ್ಲ ಡಿಕಾಕ್ಷನ್ ಕೆಳಗಿಳಿದ ಮೇಲಿನ ವ್ಯವಹಾರ. ಅಷ್ಟು ಮಡಿಯಾಗಿ ಬಂದ ವಸ್ತುವಿಗೆ ಅರ್ಧ ವಡೆಯ ಸಹವಾಸ ಕಟ್ಟುವುದೆಂದರೆ ಯಾರಿಗಾದರೂ ರೇಗುತ್ತದೆ.

ನನಗೆ ಅವಸರವೂ ಇದೆ. ಮೈಸೂರಿನಲ್ಲಿ ಮಳೆ ಹಿಂದೆ ಸರಿದು ಬಿಸಿಲು ನೆಟ್ಟಗಾಗುವುದು ದಸರಾ ಕಳೆಯುವ ಹೊತ್ತಿಗೆ. ಅಲ್ಲಿಂದ ನೀರು ತುಂಬುವ ಹಬ್ಬಕ್ಕೆ ಉಳಿಯುವುದು ಕೆಲವೇ ವಾರ. ನಮ್ಮದು ಹಳೇ ಮನೆ. ಬಚ್ಚಲಲ್ಲಿ ಒಲೆಯುಂಟು, ಒಲೆಯ ಮೇಲೆ ಹೂತ ತಾಮ್ರದ ಹಂಡೆಯುಂಟು, ಸೂರಿನಾಚೆ ತಲೆ ಹಾಕಿದ ಹೊಗೆಗೊಳವೆಯುಂಟು. ವರ್ಷವೆಲ್ಲ ಗೀಸರಿನಲ್ಲಿ ಮೀಯುವ ಮನೆಮಂದಿ ನರಕ ಚತುರ್ದಶಿಯ ಬೆಳಗಿಗೆ ಮಾತ್ರ ಹಂಡೆಯ ನೀರೇ ಬೇಕೆಂದು ಹಠ ಹಿಡಿಯುತ್ತಾರೆ. ಹಿಂದಿನ ದಿನ ಹಂಡೆಯನ್ನು ಹುಣಿಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ನೀರು ತುಂಬಿ ಪೂಜೆ ಮಾಡಿದ ಮೇಲೆ, ಅದರಡಿಯ ಒಲೆಗೆ ಏನು ಹಾಕಬೇಕೆಂಬ ಅಧಿಕಾರ ನನ್ನದು. ತೆಂಗಿನ ಕರಟ, ಗರಿ, ಮಟ್ಟೆ ಎಲ್ಲ ಹೊತ್ತಿಸುವ ಮಟ್ಟಿಗೆ. ಆಮೇಲಿನ ಉರಿ ಕಾಫಿಯದು.

ಕೊರಡು ಮಾಡುವ ಬಗೆಯನ್ನು ಮೊದಲಿನಿಂದ ಹೇಳುವ ಗೋಜಿಗೆ ನಾನು ಹೋಗುವುದಿಲ್ಲ. ಚರಟವನ್ನು ಅಂಟಿನ ಜತೆ ಕಲೆಸಿ, ಅಚ್ಚಿಗೆ ತುಂಬಿ, ಅಮುಕಿ ನೀರು ಇಳಿಸಿ, ಒಣಗಿಸುವುದು. ಇಷ್ಟು ಎಲ್ಲರಿಗೂ ಗೊತ್ತು. ಯಾರಿಗೂ ಗೊತ್ತಿಲ್ಲದಂತೆ ಕಾಣುವುದು ಇದರ ಲೆಕ್ಕ. ಆದ್ದರಿಂದ ಒಮ್ಮೆ ಕೂತು ಲೆಕ್ಕ ಹಾಕೋಣ.

ನಾಲ್ಕೈದು ಜನರ ಮನೆಯಲ್ಲಿ ದಿನಕ್ಕೆ 50 ಗ್ರಾಂ ಕಾಫಿಪುಡಿ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ತಿಂಗಳಿಗೆ ಒಂದೂವರೆ ಕಿಲೋ. ಅದರಲ್ಲಿ ಕರಗುವುದೆಲ್ಲ ಕರಗಿ ಹೊಟ್ಟೆಗೆ ಹೋದ ಮೇಲೆ, ಪೂರ್ತಿ ಒಣಗಿಸಿದರೆ ಕೈಗೆ ಸಿಗುವ ಚರಟ ಹೆಚ್ಚುಕಡಿಮೆ ಒಂದು ಕಿಲೋ. ಒಣ ಚರಟದ ಕಿಲೋಗೆ ಸುಮಾರು 4,800 ಕಿಲೋಕ್ಯಾಲರಿ ಶಾಖವುಂಟು. ಒಳ್ಳೆಯ ಒಣ ಸೌದೆಗಿಂತ ಒಂದು ಕೈ ಮೇಲೆಯೇ, ಏಕೆಂದರೆ ಚರಟದಲ್ಲಿ ನೂರಕ್ಕೆ ಹತ್ತು ಹದಿನೈದು ಪಾಲು ಎಣ್ಣೆ ಉಳಿದಿರುತ್ತದೆ. ಇತ್ತ 20 ಲೀಟರ್ ನೀರನ್ನು 25 ಡಿಗ್ರಿಯಿಂದ 45ಕ್ಕೆ ಏರಿಸಲು ಬೇಕಾದದ್ದು 400 ಕಿಲೋಕ್ಯಾಲರಿ. ಹಾಗಾದರೆ ಹನ್ನೆರಡು ಸ್ನಾನ ಎಂದು ಹಿಗ್ಗಬೇಡಿ. ಬಚ್ಚಲೊಲೆ ತಾನು ಉಂಡ ಶಾಖದಲ್ಲಿ ಆರರಲ್ಲೊಂದು ಪಾಲನ್ನು ನೀರಿಗೆ ಮುಟ್ಟಿಸಿದರೆ ಅದೇ ಪುಣ್ಯ. ಉಳಿದದ್ದು ಗೋಡೆಗೆ, ಗಾಳಿಗೆ, ಹೊಗೆಗೊಳವೆಯ ಮೇಲೆ ಕೂತ ಕಾಗೆಗೆ. ಅಲ್ಲಿಗೆ ಒಂದು ಸಂಸಾರ ತಿಂಗಳಿಡೀ ಕುಡಿದ ಕಾಫಿಯಿಂದ ಕಾಯುವುದು ಎರಡು ಬಕೆಟ್ಟು ನೀರು. ಎರಡು ಸ್ನಾನ. ಅದೇ ನೀರನ್ನು ಗ್ಯಾಸ್ ಗೀಸರಿನಲ್ಲಿ ಕಾಯಿಸಿದ್ದರೆ 90 ಗ್ರಾಮಿನಷ್ಟು ಅನಿಲ ಖರ್ಚಾಗುತ್ತಿತ್ತು.

ನಮ್ಮವರು ಈ ಲೆಕ್ಕವನ್ನು ಓದಿ ಕನ್ನಡಕ ತೆಗೆದು, "90 ಗ್ರಾಮಿಗೆ ನೀನು ತಾರಸಿ ಮೇಲೆ ದಿನಾ ಓಡಾಡ್ತೀಯಲ್ಲೇ," ಅಂದರು. ಓಡಾಡುತ್ತೇನೆ. ರಸ್ತೆಯ ಕೊನೆಯಲ್ಲಿ ಎರಡು ರೂಪಾಯಿಗೆ ಸಿಗುವ ಹೂವನ್ನು ಮನೆಯಂಗಳದಲ್ಲಿ ಬೆಳೆಯಲು ವರ್ಷವಿಡೀ ಬಗ್ಗಿ ನಿಲ್ಲುವವರನ್ನು ಯಾರೂ ಹೀಗೆ ಕೇಳುವುದಿಲ್ಲ. ಹೋಟೆಲಿನ ಬಕೆಟ್ಟು ಯಾಕೆ ಬೇಕಾಯಿತು ಎಂಬುದಕ್ಕೂ ಈ ಲೆಕ್ಕದಲ್ಲೇ ಉತ್ತರವಿದೆ.

ಇನ್ನು ನೀರಿನ ವಿಷಯ. ಇದನ್ನು ಬಿಟ್ಟು ಕೊರಡಿನ ಬಗ್ಗೆ ಮಾತಾಡುವವರನ್ನು ನಾನು ನಂಬುವುದಿಲ್ಲ. ಫಿಲ್ಟರಿನಿಂದ ಕೊಡವಿದ ಚರಟದ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಬರೀ ನೀರು. ಕುದಿಗೆ ಬಂದ ಒಂದು ಕಿಲೋ ನೀರನ್ನು ಆವಿ ಮಾಡಿ ಕಳಿಸಲೇ 540 ಕಿಲೋಕ್ಯಾಲರಿ ಬೇಕು. ಅಂದರೆ ಹಸಿ ಕೊರಡನ್ನು ಒಲೆಗಿಟ್ಟವರು ತಮ್ಮ ಸ್ನಾನಕ್ಕೆ ಮೊದಲು ಕೊರಡಿಗೆ ಸ್ನಾನ ಮಾಡಿಸುತ್ತಾರೆ. ಅದರ ಖರ್ಚೇ ಹೆಚ್ಚು. ನಾನು ತಂದ ದಿನವೇ ತಾರಸಿಯಲ್ಲಿ ಹಳೇ ಪಂಚೆ ಹಾಸಿ ಚರಟವನ್ನು ಸಂಡಿಗೆಯ ಹಾಗೆ ತೆಳ್ಳಗೆ ಹರಡುತ್ತೇನೆ. ಸಂಡಿಗೆಗಿರುವ ಕಾಗೆ ಅಳಿಲುಗಳ ಕಾಟ ಇದಕ್ಕಿಲ್ಲ. ಗಾಳಿಯ ಕಾಟ ಮಾತ್ರ ಉಂಟು. ಅರೆ ಒಣಗಿದ ಚರಟಕ್ಕೆ ಅಂಟು ಕಲೆಸಿ ಕೊರಡು ಕಟ್ಟಿದ ಮೇಲೆ ಮತ್ತೆ ಬಿಸಿಲು. ಎಷ್ಟು ದಿನ ಎಂದು ಕೇಳಬಾರದು. "ನಾಲ್ಕು ದಿನ ಬಿಸಿಲಿಗಿಡಿ" ಎಂದು ಅಪ್ಪಣೆ ಕೊಡುವವರು ಯಾವ ಊರಿನ ಬಿಸಿಲು, ಯಾವ ತಿಂಗಳದ್ದು ಎಂದು ಹೇಳುವುದೇ ಇಲ್ಲ. ಎರಡು ಕೊರಡನ್ನು ಒಂದಕ್ಕೊಂದು ತಟ್ಟಿ ನೋಡಬೇಕು. ಒಣಗಿದ್ದರೆ ಟಕ್ಕೆಂದು ಹೇಳುತ್ತವೆ, ಇಲ್ಲದಿದ್ದರೆ ದಬ್ಬೆನ್ನುತ್ತವೆ. ಕಿವಿ ನಂಬದವರು ಅಡುಗೆಮನೆಯ ತಕ್ಕಡಿಯಲ್ಲಿ ತೂಗಲಿ; ಒಂದು ದಿನದಿಂದ ಮರುದಿನಕ್ಕೆ ತೂಕ ಇಳಿಯದಿದ್ದರೆ ಆಗ ಒಣಗಿತು ಎನ್ನಲಿ.

ಅಂಟಿನ ವಿಷಯಕ್ಕೆ ಬಂದರೆ ನಮ್ಮಲ್ಲಿ ಪಂಗಡಗಳಾಗುತ್ತವೆ. ಅಂಟು ಬೇಕೇ ಬೇಕು, ಅದರಲ್ಲಿ ಜಗಳವಿಲ್ಲ. ಮರದ ಪುಡಿಯನ್ನು ಯಂತ್ರದಲ್ಲಿ ಬಿಸಿ ಮಾಡಿ ಭಾರಿ ಒತ್ತಡದಲ್ಲಿ ಒತ್ತಿದರೆ ಅದರೊಳಗಿನ ಲಿಗ್ನಿನ್ ಮೆತ್ತಗಾಗಿ ತಾನೇ ಅಂಟಾಗುತ್ತದೆ. ಕಾಫಿ ಚರಟದಲ್ಲಿ ಅದು ಸಾಲದು. ಕಾಳುಕಾಳಾದ ಪುಡಿ, ಮೇಲೆ ಎಣ್ಣೆಯ ಜಾರು. ಒಂದನ್ನೊಂದು ಹಿಡಿದುಕೊಳ್ಳುವ ಬುದ್ಧಿ ಅದಕ್ಕಿಲ್ಲ. ಮೇಣದ ಪಂಗಡದವರು ಇದಕ್ಕೆ ಮೇಣ ಸುರಿಯುತ್ತಾರೆ. ಕೆನಡಾದಲ್ಲಿ 'ಜಾವಾ ಲಾಗ್' ಎಂಬ ಹೆಸರಿನಲ್ಲಿ ಹೀಗೆ ಮೇಣ ಕೂಡಿಸಿದ ಕಾಫಿ ಕೊರಡು ಮಾರಾಟಕ್ಕೆ ಬಂದಿತ್ತು. ಕಾಗದ ಸುತ್ತಿದ ಚೆಂದದ ಕೊರಡು; ಕಡ್ಡಿ ಗೀರಿದರೆ ಸಾಕು, ಬೈಠಕ್‌ಖಾನೆಯ ಅಗ್ಗಿಷ್ಟಿಕೆಯಲ್ಲಿ ಉರಿ ನಲಿಯುತ್ತದೆ. ಆದರೆ ಅಲ್ಲಿ ಉರಿಯುವುದು ಮೇಣ, ಕೀರ್ತಿ ಕಾಫಿಗೆ. ಸಗಣಿಯ ಪಂಗಡದವರ ಬಗ್ಗೆ ನನಗೆ ಗೌರವವಿದೆ. ಆದರೆ ಅವರು ಮಾಡುವುದು ಕಾಫಿ ಬೆರೆಸಿದ ಬೆರಣಿ. ಬೆರಣಿಗೆ ಕಾಫಿಯ ಶಿಫಾರಸು ಯಾವತ್ತೂ ಬೇಕಿರಲಿಲ್ಲ. ಹಳೇ ಪತ್ರಿಕೆ ನೆನೆಸಿ ರುಬ್ಬುವವರು ಮೂರನೆಯವರು. ಅವರ ಕೊರಡು ಗಟ್ಟಿ, ನಿಜ. ಉರಿದ ಮೇಲೆ ಪದರ ಪದರ ಬೂದಿ ಏಳುತ್ತದೆ, ಹಂಡೆಯ ನೀರಿಗೆ ಹಾರಿ ಬೀಳುತ್ತದೆ. ಇವರೆಲ್ಲರ ಪೈಕಿ ನಾನು ಹೆಚ್ಚು ಕಾದಿರುವುದು ಇವರ ಜತೆಗೇ, ಏಕೆಂದರೆ ನನ್ನ ನಾದಿನಿ ಈ ಪಂಗಡದ ಮುಂದಾಳು.

ನನ್ನದು ರಾಗಿ ಅಂಬಲಿ. ಮುದ್ದೆ ತೊಳಸಿದ ಪಾತ್ರೆಗೆ ನೀರು ಬಿಟ್ಟು ಕಾಯಿಸಿದರೆ ತಳಕ್ಕೆ ಹಿಡಿದದ್ದೆಲ್ಲ ಎದ್ದು ಬರುತ್ತದೆಯಲ್ಲ, ಅದು ಅರ್ಧ ಅಂಟು. ಮಿಕ್ಕರ್ಧಕ್ಕೆ ಡಬ್ಬಿಯ ತಳದ ಹುಳ ಬಿದ್ದ ಹಿಟ್ಟು. ಅನ್ನದ ಗಂಜಿಯೂ ಆದೀತು, ಆದರೆ ರಾಗಿಯ ಹಿಡಿತ ಬೇರೆ. ಮುದ್ದೆಯ ಪಾತ್ರೆ ತಿಕ್ಕಿದ ಯಾರಿಗೂ ಇದನ್ನು ರುಜುವಾತು ಮಾಡಿ ತೋರಿಸಬೇಕಾಗಿಲ್ಲ. ಮೂರು ಪಾಲು ಚರಟಕ್ಕೆ ಒಂದು ಪಾಲು ಮರದ ಹೊಟ್ಟು ಸೇರಿಸುತ್ತೇನೆ. ಗರಗಸದಿಂದ ಉದುರಿದ ಹೊಟ್ಟಿನಲ್ಲಿ ಸಣ್ಣ ನಾರಿರುತ್ತದೆ, ಅದು ಕಾಳುಗಳ ನಡುವೆ ಹೆಣೆದುಕೊಂಡು ಕೊರಡಿಗೆ ಬೆನ್ನು ಕೊಡುತ್ತದೆ. ಅಂಬಲಿಯನ್ನು ಬಿಸಿಯಿರುವಾಗಲೇ ಹಾಕಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ನಿಲ್ಲಬೇಕು, ಬೆರಳ ಸಂದಿಯಿಂದ ನೀರು ಹನಿಯಬಾರದು.

ಆದರೆ ನನ್ನ ನಿಜವಾದ ಹೆಮ್ಮೆ ಅಂಟಿನಲ್ಲಿಲ್ಲ, ತೂತಿನಲ್ಲಿದೆ. ಸ್ವಲ್ಪ ಉದ್ದವಾದರೂ ಇದನ್ನು ಹೇಳಿಯೇ ತೀರಬೇಕು.

ತೂತಿಲ್ಲದ ಚರಟದ ಕೊರಡು ಉರಿಯುವುದಿಲ್ಲ, ಮುನಿಸಿಕೊಳ್ಳುತ್ತದೆ. ನುಣ್ಣಗಿನ ಪುಡಿ ಒತ್ತೊತ್ತಾಗಿ ಕೂತಿರುವುದರಿಂದ ಒಳಕ್ಕೆ ಗಾಳಿ ಹೋಗುವ ದಾರಿಯಿಲ್ಲ. ಮೇಲಿನ ತೊಗಲು ಕೆಂಪಾಗಿ, ಬೂದಿಯಾಗಿ, ಆ ಬೂದಿಯೇ ಮುಸುಕು ಹಾಕಿ ಒಳಗಿನದನ್ನು ಉಸಿರುಗಟ್ಟಿಸುತ್ತದೆ. ಆಗ ಏಳುವುದು ಹಳದಿ ಹೊಗೆ, ಕಣ್ಣು ಕಿತ್ತು ಬರುವಂಥದ್ದು. ನಡುವೆ ಉದ್ದಕ್ಕೂ ಒಂದು ತೂತಿದ್ದರೆ ಕಥೆಯೇ ಬೇರೆ. ತೂತಿನೊಳಗೆ ಒಮ್ಮೆ ಕಾವು ಹಿಡಿದರೆ ಬಿಸಿಗಾಳಿ ಮೇಲೆ ನುಗ್ಗುತ್ತದೆ, ಕೆಳಗಿನಿಂದ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. ಕೊರಡು ತನ್ನ ಹೊಗೆಗೊಳವೆಯನ್ನು ತಾನೇ ಹೊತ್ತುಕೊಂಡಿರುತ್ತದೆ. ಒಳಗೋಡೆಗಳು ಒಂದರ ಕಾವನ್ನು ಒಂದು ನೋಡಿ ಇನ್ನಷ್ಟು ಕೆಂಪಾಗುತ್ತವೆ. ಹೊರಟ ಹೊಗೆ ಹೊರಗೆ ಬರುವ ಮೊದಲು ಅಲ್ಲೇ ಉರಿದುಹೋಗುತ್ತದೆ.

ತೂತು ಮಾಡಲು ಕೆಲವರು ಪ್ಲಾಸ್ಟಿಕ್ ಕೊಳವೆ ನಿಲ್ಲಿಸುತ್ತಾರೆ, ಕೆಲವರು ಒಣಗಿದ ಮೇಲೆ ಡ್ರಿಲ್ ಹಾಕುತ್ತಾರೆ. ಡ್ರಿಲ್ ಹಾಕಿದವರ ಕೊರಡು ಮೂರು ಹೋಳಾಗುತ್ತದೆ, ನನಗೆ ಅಷ್ಟೇನೂ ದುಃಖವಾಗುವುದಿಲ್ಲ. ನಾನು ಬಳಸುವುದು ಅಮ್ಮನ ಕಬ್ಬಿಣದ ಊದುಗೊಳವೆ. ಅಗಲ ಒಂದಂಗುಲ, ಹೇಳಿಮಾಡಿಸಿದ ಅಳತೆ. ಅಚ್ಚು ಎಂದರೆ ಉದ್ದಕ್ಕೆ ಸೀಳಿ ಹಗ್ಗ ಬಿಗಿದ ಪಿವಿಸಿ ಪೈಪಿನ ತುಂಡು, ಮೈತುಂಬ ಸಣ್ಣ ತೂತು ಕೊರೆದದ್ದು. ನಡುವೆ ಊದುಗೊಳವೆ ನಿಲ್ಲಿಸಿ, ಸುತ್ತ ತುಂಬಿ, ಒನಕೆಯ ತುಂಡಿನಿಂದ ಜಡಿಯುವುದು. ಕೊಳವೆಯನ್ನು ಯಾವಾಗ ಎಳೆಯಬೇಕು ಎಂಬುದೇ ವಿದ್ಯೆ. ಕೂಡಲೇ ಎಳೆದರೆ ತೂತು ಮುಚ್ಚಿ ಕುಸಿಯುತ್ತದೆ. ಪೂರ್ತಿ ಒಣಗಲಿ ಎಂದು ಬಿಟ್ಟರೆ ಕೊರಡು ಒಣಗುತ್ತ ಒಳಕ್ಕೆ ಕುಗ್ಗಿ ಕೊಳವೆಯನ್ನು ಅಪ್ಪಿ ಹಿಡಿದುಕೊಂಡು ಸೀಳಿಕೊಳ್ಳುತ್ತದೆ. ಹೊರಮೈ ಅಚ್ಚಿನಿಂದ ಒಂದು ಕೂದಲೆಳೆಯಷ್ಟು ಬಿಟ್ಟುಕೊಂಡಿತೇ, ಅದೇ ಮುಹೂರ್ತ. ಎಳೆಯಬಾರದು, ತಿರುಗಿಸಬೇಕು. ಬಲಕ್ಕೆ ಕಾಲು ಸುತ್ತು, ಎಡಕ್ಕೆ ಕಾಲು ಸುತ್ತು. ಉಜ್ಜಿದ ಸದ್ದು ನುಣ್ಣಗಾಗುವವರೆಗೆ. ಆಮೇಲೆ ಮೆಲ್ಲಗೆ ಮೇಲಕ್ಕೆ. ತಿರುಗಿಸಿದ್ದರಿಂದ ಒಳಗೋಡೆಗೆ ಬರುವ ಹೊಳಪನ್ನು ಬೆಳಕಿಗೆ ಹಿಡಿದು ನೋಡುತ್ತ ನಾನು ಕಳೆದ ಬೆಳಗುಗಳ ಬಗ್ಗೆ ಮನೆಯಲ್ಲಿ ಬೇರೆ ಅಭಿಪ್ರಾಯವುಂಟು.

ಚಿಕೋರಿಯ ವಿಚಾರವನ್ನೂ ಇಲ್ಲೇ ಮುಗಿಸುತ್ತೇನೆ. ಕೊರಡಿನ ದೃಷ್ಟಿಯಿಂದ ಚಿಕೋರಿ ಶುದ್ಧ ನಷ್ಟ. ಅದರ ಬಹುಪಾಲು ನೀರಿನಲ್ಲಿ ಕರಗಿ ಡಿಕಾಕ್ಷನ್ನಿಗೆ ಇಳಿಯುತ್ತದೆ, ಎಣ್ಣೆಯಿಲ್ಲ, ಉಳಿದ ಚೂರು ನೀರು ಹೀರಿ ಉಬ್ಬಿ ಕೂರುತ್ತದೆ. ಕಾನೂನು ನೂರಕ್ಕೆ 49ರವರೆಗೆ ಚಿಕೋರಿ ಬೆರೆಸಲು ಬಿಟ್ಟಿದೆ. ಅಂಥ ಪುಡಿಯ ಚರಟದಿಂದ ಕಟ್ಟಿದ ಕೊರಡು ಒಣಗುವುದಕ್ಕೆ ತಗಾದೆ ಮಾಡುತ್ತದೆ. ಒಲೆಯ ಹಿತ ನೋಡಿದರೆ ನಾನು ಚಿಕೋರಿ ಸೋಕದ ಪ್ಯೂರ್ ಕಾಫಿ ಕುಡಿಯಬೇಕು. ನಾಲಿಗೆಯ ಹಿತ ನೋಡಿದರೆ ನೂರಕ್ಕೆ 20 ಚಿಕೋರಿ ಇಲ್ಲದ ಕಾಫಿ ನನಗೆ ಕಾಫಿಯೇ ಅಲ್ಲ. ನಾಲಿಗೆಯೇ ಗೆದ್ದಿದೆ. ಪ್ಯೂರ್ ಕಾಫಿಯವರು ಈ ಗೆಲುವನ್ನು ಕೇಳಿ ಮುಖ ಸಿಂಡರಿಸುವುದನ್ನು ನೋಡುವ ಸುಖವೂ ನನಗೇ.

ಪಕ್ಕದ ರಸ್ತೆಯಲ್ಲಿ ಗುಲಾಬಿ ಬೆಳೆಸುವವರಿಗೂ ನಮಗೂ ಇರುವ ತಕರಾರು ಇದಕ್ಕಿಂತ ಗಂಭೀರ. ಅವರ ಕಡೆಯವರೊಬ್ಬರು ಗೇಟಿನಲ್ಲಿ ನಿಂತು, "ಏನ್ರೀ, ಅಷ್ಟು ಒಳ್ಳೇ ಗೊಬ್ಬರಾನ ಸುಟ್ಟು ಹಾಳ್ಮಾಡ್ತೀರಲ್ಲ," ಎಂದು ಮರುಗುತ್ತಾರೆ. ಹಸಿ ಚರಟವನ್ನು ಕುಂಡಕ್ಕೆ ನೇರವಾಗಿ ಸುರಿದರೆ ಎಳೆ ಸಸಿ ಮುದುಡುತ್ತದೆ, ಮೊದಲು ಕೊಳೆಸಬೇಕು ಎಂದು ನಾನು ಉಪದೇಶ ಮಾಡುವುದುಂಟು. ಆದರೂ ಅವರ ಮಾತಿನಲ್ಲಿ ಹುರುಳಿದೆ. ಒಣ ಚರಟದಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಸಾರಜನಕವಿರುತ್ತದೆ, ಸೌದೆಯಲ್ಲಿರುವುದಕ್ಕಿಂತ ಎಷ್ಟೋ ಪಟ್ಟು. ಮಣ್ಣಿನಲ್ಲಿ ಅದು ಅನ್ನ. ಬೆಂಕಿಯಲ್ಲಿ ಅದು ಮೂಗಿಗೆ ಕಟುವಾದ ಅನಿಲ. ಗುಲಾಬಿಯವರು ಈ ಎರಡನೆಯ ಮಾತು ಎತ್ತುವುದಿಲ್ಲ, ಅವರಿಗೆ ಗೊತ್ತಿಲ್ಲ. ಗೊತ್ತಾದ ದಿನ ನನಗೆ ಕಷ್ಟವಿದೆ.

ಇಷ್ಟೆಲ್ಲ ಒದ್ದಾಟದ ನಡುವೆ ನಮ್ಮ ಕಾಫಿಯ ಹೆಚ್ಚಿನ ಚರಟ ನಮ್ಮ ಕೈಗೆ ಸಿಗುವುದೇ ಇಲ್ಲ ಎಂಬುದನ್ನು ನೆನೆದರೆ ನಗು ಬರುತ್ತದೆ. ದೇಶದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳ ನಮ್ಮ ತೋಟಗಳಲ್ಲಿ. ದೇಶದ ಬೆಳೆಯ ಮೂರರಲ್ಲೆರಡು ಪಾಲು ಹಡಗು ಹತ್ತುತ್ತದೆ. ಅದರ ಅತಿ ದೊಡ್ಡ ಗಿರಾಕಿ ಇಟಲಿ. ಮಡಿಕೇರಿಯ ಮಳೆ ಕುಡಿದ ಬೀಜ ಮಿಲಾನಿನ ಯಾವುದೋ ಬಾರಿನಲ್ಲಿ ಎಸ್‌ಪ್ರೆಸೊ ಆಗಿ, ಅದರ ಚರಟ ಅಲ್ಲಿಯ ಡಬ್ಬಕ್ಕೆ ಬೀಳುತ್ತದೆ. ಅದೂ ಬಿಲ್ಲೆಬಿಲ್ಲೆಯಾಗಿ, ಯಂತ್ರವೇ ಅಮುಕಿ ಕೊಟ್ಟ ಅಚ್ಚಿನಲ್ಲಿ! ಇನ್‌ಸ್ಟಂಟ್ ಕಾಫಿ ಕಾರ್ಖಾನೆಯವರು ಇನ್ನೂ ಜಾಣರು. ಟನ್ನುಗಟ್ಟಲೆ ಚರಟ ಒಂದೇ ಸೂರಿನಡಿ ಸಿಗುವುದರಿಂದ ನೆಸ್ಲೆಯಂಥ ಕಂಪನಿಗಳ ಹಲವು ಕಾರ್ಖಾನೆಗಳಲ್ಲಿ ಅದನ್ನು ಹಿಂಡಿ ತಮ್ಮದೇ ಬಾಯ್ಲರಿಗೆ ಉಣಿಸುತ್ತಾರೆ. ಚರಟ ಮನೆ ದಾಟುವುದೇ ಇಲ್ಲ.

ಮನೆ ದಾಟಿಸಿದವರ ಪಾಡನ್ನು ಲಂಡನ್ನಿನಲ್ಲಿ ನೋಡಬಹುದು. ಅಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಆರ್ಥರ್ ಕೇ ಎಂಬ ಹುಡುಗ 2013ರಲ್ಲಿ ಬಯೋ-ಬೀನ್ ಎಂಬ ಕಂಪನಿ ಕಟ್ಟಿದ. ಕಾಫಿ ಅಂಗಡಿ, ಕಚೇರಿ, ರೈಲು ನಿಲ್ದಾಣಗಳಿಂದ ಚರಟ ಸಂಗ್ರಹಿಸಿ, ಕೇಂಬ್ರಿಜ್‌ಶೈರಿನ ಕಾರ್ಖಾನೆಯಲ್ಲಿ ಒಣಗಿಸಿ, ಮನೆಯ ಒಲೆಗಳಿಗೆ ಕೊರಡು ಮಾಡಿದರು. ಒಂದೊಂದು ಕೊರಡಿಗೆ ಸುಮಾರು 25 ಲೋಟ ಕಾಫಿಯ ಚರಟ. 2017ರಲ್ಲಿ ಚರಟದ ಎಣ್ಣೆ ಬೆರೆಸಿದ ಡೀಸೆಲನ್ನು ಲಂಡನ್ನಿನ ಬಸ್ಸುಗಳಿಗೂ ಕುಡಿಸಿದರು. ಪತ್ರಿಕೆಗಳು ಕೊಂಡಾಡಿದವು. 2023ರಲ್ಲಿ ಕಂಪನಿ ಬಾಗಿಲು ಹಾಕಿತು. ಒಳಗಿನ ಕಾರಣ ಏನೇ ಇರಲಿ, ತಾರಸಿಯಲ್ಲಿ ಬಿಸಿಲು ಬಿಟ್ಟಿ ಸಿಗುವ ನಾನು ಒಂದು ಮಾತು ಹೇಳಬಲ್ಲೆ: ಊರೂರಿಂದ ಹಸಿ ಚರಟ ತರುವ ಲಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೇರಿರುವುದು ನೀರು. ಆ ನೀರಿಗೆ ಬಾಡಿಗೆ ಕೊಡಬೇಕು, ಮತ್ತೆ ಅದನ್ನು ಆರಿಸಲು ಉರುವಲು ಸುಡಬೇಕು. ಕಂಪನಿ ಮುಚ್ಚಿದ ಸುದ್ದಿ ಓದಿದ ದಿನ ನನಗೆ ನಮ್ಮವರೊಬ್ಬರು ಹೋದಷ್ಟು ಬೇಸರವಾಯಿತು.

ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗನಿಗೆ ಈ ಕಥೆ ಹೇಳಿದರೆ ಅವನಿಗೆ ಹುಮ್ಮಸ್ಸೇ ಬಂತು. ಕೊರಡನ್ನು ಕೈಯಲ್ಲಿ ತಿರುಗಿಸಿ ನೋಡುತ್ತ, "ಅತ್ತೆ, ಸಿಟಿ ಮಾಡೆಲ್ ಅವರದ್ದು ತಪ್ಪು. ಇದನ್ನ ಹಳ್ಳಿ ಹೆಂಗಸರಿಗೆ ಕೊಟ್ರೆ ಎಂಥಾ ಇಂಪ್ಯಾಕ್ಟ್ ಗೊತ್ತಾ? ಅಡುಗೆಗೆ ಫ್ರೀ ಫ್ಯೂಯೆಲ್!" ಅಂದ. ಅವನ ಮನೆಯಲ್ಲಿರುವುದು ಇಂಡಕ್ಷನ್ ಒಲೆ. ಅದರ ಮೇಲೆ ಹೊಗೆ ಹೀರುವ ಚಿಮಣಿ ಬೇರೆ, ಒಗ್ಗರಣೆಯ ಘಾಟು ಮುಟ್ಟದಿರಲಿ ಎಂದು.

ನನಗೆ ಸಿಟ್ಟು ಬಂದದ್ದು ಆಗ. ಇಲ್ಲಿಯವರೆಗಿನದು ತಮಾಷೆ, ಇದು ಅಲ್ಲ. ಪೇಟೆಯವರು ಕುಡಿದು ಬಿಟ್ಟದ್ದನ್ನು ಒಲೆಗಿಟ್ಟು ಉಸಿರಾಡಲು ಹಳ್ಳಿಯ ಹೆಂಗಸರೇ ಯಾಕೆ ಬೇಕು? ಗರಿ, ಜೋಳದ ದಂಟು, ಬೆರಣಿ, ಜಾಲಿ, ಹೀಗೆ ಯಾವ ಯಾವುದೋ 'ಬಿಟ್ಟಿ ಉರುವಲು' ಸುಟ್ಟು ಅವರ ಕಣ್ಣು ಮಂಜಾದದ್ದು ಸಾಲದೇ? ನನ್ನ ಅಮ್ಮ ಊದುಗೊಳವೆ ಹಿಡಿದು ಒಲೆಯ ಮುಂದೆ ಬಗ್ಗಿದಾಗ ಮುಖ ಯಾವ ಕಡೆ ತಿರುಗಿಸಿ ಉಸಿರೆಳೆದುಕೊಳ್ಳುತ್ತಿದ್ದಳು ಎಂಬುದು ನನಗೆ ನೆನಪಿದೆ. ಹೊಗೆ ಇಲ್ಲದ ಕಡೆ ಇರಲಿಲ್ಲ. ಅಡುಗೆಮನೆಯ ತೊಲೆಗೆ ಬಣ್ಣ ಹೊಡೆಸಿದ್ದರೆಂದು ನಾವು ಮಕ್ಕಳು ತಿಳಿದಿದ್ದೆವು, ಅದು ಮಸಿ. ಆ ಕೆಮ್ಮಿಗೆ ಯಾರೂ ಇಂಪ್ಯಾಕ್ಟ್ ಎನ್ನಲಿಲ್ಲ. 2016ರಲ್ಲಿ ಉಜ್ವಲ ಯೋಜನೆ ಬಂದು ಮನೆಮನೆಗೆ ಸಿಲಿಂಡರ್ ಹೋಯಿತು. ತುಂಬಿಸಲು ಕಾಸಿಲ್ಲದೆ ಅದು ಮೂಲೆ ಹಿಡಿದ ಮನೆಗಳನ್ನೂ ನಾನು ನೋಡಿದ್ದೇನೆ. ಅಲ್ಲಿ ಬೇಕಾದದ್ದು ಮುಂದಿನ ಸಿಲಿಂಡರಿನ ದುಡ್ಡು. ನನ್ನ ಕೊರಡಲ್ಲ. ನನ್ನ ಕೊರಡು ಹೊಗೆಗೊಳವೆಯಿರುವ ಬಚ್ಚಲೊಲೆಗೆ, ಹೊತ್ತಿಸಿ ಬಾಗಿಲು ಹಾಕಿಕೊಂಡು ಬರಬಹುದಾದ ಒಲೆಗೆ. ಅದರ ಮೇಲೆ ಅನ್ನಕ್ಕಿಡಬಾರದು, ಅದರ ಮುಂದೆ ಮಗುವನ್ನು ಕೂರಿಸಬಾರದು.

ಉರುವಲಿನ ಉತ್ಸಾಹಿಗಳೆಲ್ಲರ ರೋಗವೂ ಇದೇ. ಏನು ಸುಡಬೇಕು ಎಂಬ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ, ಯಾವುದರಲ್ಲಿ ಸುಡಬೇಕು ಎಂದು ಯೋಚಿಸುವುದಿಲ್ಲ. ನನ್ನ ಲೆಕ್ಕದಲ್ಲಿ ಹನ್ನೆರಡು ಸ್ನಾನ ಎರಡಕ್ಕೆ ಇಳಿದದ್ದು ಕಾಫಿಯ ತಪ್ಪಿನಿಂದಲ್ಲ, ಒಲೆಯಿಂದ. ಕರ್ನಾಟಕದವರಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾದ ಅಗತ್ಯವೂ ಇರಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರವನ್ನು ಶುರುಮಾಡಿದರು, ಹಳ್ಳಿಗೆ ಬೇಕಾದ ವಿಜ್ಞಾನಕ್ಕಾಗಿ. ಅಲ್ಲಿಂದ ಬಂದದ್ದು ಅಸ್ತ್ರ ಒಲೆ. ಮೂರು ಪಾತ್ರೆ ಸಾಲಾಗಿ ಕೂರುವ, ಮುಚ್ಚಿದ ಮೈಯ, ಹೊಗೆಗೊಳವೆಯುಳ್ಳ ಮಣ್ಣಿನ ಒಲೆ. ಮೂರುಕಲ್ಲಿನ ಒಲೆ ಸೌದೆಯ ಶಾಖದ ಹತ್ತರಲ್ಲೊಂದು ಪಾಲನ್ನು ಪಾತ್ರೆಗೆ ಮುಟ್ಟಿಸಿದರೆ ಇದು ಅದರ ಎರಡು ಮೂರು ಪಟ್ಟು ಮುಟ್ಟಿಸುತ್ತಿತ್ತು. ಉರುವಲು ಅದೇ ಹಳೇ ಸೌದೆ. ಗಾಳಿ ಬರುವ ದಾರಿ ಎಷ್ಟಗಲ, ಬೆಂಕಿಗೂ ಪಾತ್ರೆಗೂ ನಡುವೆ ಎಷ್ಟಂತರ, ಹೊಗೆ ಎಲ್ಲಿ ತಿರುಗಿ ಎಲ್ಲಿ ಹೋಗಬೇಕು ಎಂದು ದೊಡ್ಡ ದೊಡ್ಡ ಇಂಜಿನಿಯರುಗಳು ಮಣ್ಣು ಮುಟ್ಟಿ ಅಳೆದರು. ನನ್ನ ಪಾಲಿಗೆ ಅದಕ್ಕಿಂತ ದೊಡ್ಡ ವಿಜ್ಞಾನವಿಲ್ಲ. ಒಲೆ ಹಳ್ಳಿಗಳಿಗೆ ಹೋಯಿತು. ಎಷ್ಟೋ ಕಡೆ ಆಮೇಲೆ ಹೊಗೆಗೊಳವೆಯಲ್ಲಿ ಮಸಿ ಕಟ್ಟಿತು, ಕೆರೆದು ಕೊಡುವವರು ಬರಲಿಲ್ಲ, ಹೊಗೆ ಮತ್ತೆ ಮನೆಯೊಳಕ್ಕೇ ತಿರುಗಿತು. ಒಲೆ ಕೊಟ್ಟವರಿಗೆ ಫೋಟೋ ಉಂಟು. ಕೊಳವೆ ಕೆರೆಯುವವರಿಗೆ ಏನೂ ಇಲ್ಲ.

ಅದಕ್ಕೂ ಮುಂಚೆ ನಮ್ಮ ಪೇಟೆಗಳಲ್ಲಿ ಹೊಟ್ಟಿನ ಒಲೆಯಿತ್ತು. ಅದನ್ನು ಕಂಡವರ ಜತೆ ಮಾತಾಡುವುದೆಂದರೆ ನನಗೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ತಗಡಿನ ಡಬ್ಬ, ಬುಡದಲ್ಲಿ ಪಕ್ಕಕ್ಕೊಂದು ಕಂಡಿ. ನಡುವೆ ಒಂದು ಬಾಟಲಿ ನಿಲ್ಲಿಸಿ, ಪಕ್ಕದ ಕಂಡಿಯಿಂದ ಇನ್ನೊಂದನ್ನು ಅದರ ಬುಡಕ್ಕೆ ತಾಗುವಂತೆ ಮಲಗಿಸಿ, ಸುತ್ತ ಸಾಮಿಲ್ಲಿನ ಹೊಟ್ಟು ಸುರಿದು ಜಡಿಯಬೇಕು. ಸಂಜೆ ಹೊಟ್ಟು ತುಂಬುವುದು ಮನೆಯ ಹೆಣ್ಣುಮಕ್ಕಳ ಪಾಳಿ. ಸಡಿಲ ತುಂಬಿದರೆ ಉರಿಯುವಾಗ ನಡುವೆ ಕುಸಿದು ಒಲೆ ಆರುತ್ತದೆ, ಬೈಗಳು ಸಿಗುತ್ತವೆ. ಅತಿ ಬಿಗಿದರೆ ಬಾಟಲಿ ಈಚೆಗೆ ಬರುವುದಿಲ್ಲ. ಎರಡೂ ಬಾಟಲಿಗಳನ್ನು ಮೆಲ್ಲಗೆ ತಿರುಗಿಸಿ ತೆಗೆದಾಗ ಒಳಗೆ ಒಂದು ಮೂಲೆ ತಿರುಗಿದ ಸುರಂಗ ಉಳಿಯುತ್ತಿತ್ತು. ಕಂಡಿಯಿಂದ ಒಂದು ಉರಿಯುವ ಸೀಳು ತೂರಿಸಿದರೆ ಸಾಕು. ಊದುವುದಿಲ್ಲ, ಕೆದಕುವುದಿಲ್ಲ, ಹೊಟ್ಟು ಒಳಗಿನಿಂದ ಹೊರಗೆ, ಸುತ್ತಲೂ ಒಂದೇ ಸಮ, ಗಂಟೆಗಟ್ಟಲೆ ಉರಿಯುತ್ತಿತ್ತು. ಬೇಳೆ ಬೆಂದು, ಅನ್ನವಾಗಿ, ಹಾಲು ಕಾದು, ಕಡೆಗೆ ಒಂದು ಪಾತ್ರೆ ಬಿಸಿನೀರು. ಅಲ್ಲಿ ಉರುವಲೇ ಒಲೆಯ ಗೋಡೆ. ಹೊಟ್ಟನ್ನು ಯಾರು ಬೇಕಾದರೂ ಮಾರಬಹುದಿತ್ತು. ತೂತನ್ನು ಮಾತ್ರ ದಿನಾ ಸಂಜೆ ಮನೆಯಲ್ಲೇ ಮಾಡಿಕೊಳ್ಳಬೇಕಿತ್ತು, ಅದನ್ನು ಪೊಟ್ಟಣ ಕಟ್ಟಿ ಕೊಡಲು ಬರುವುದಿಲ್ಲ.

ಅಣ್ಣನ ಮಗ ಮೊನ್ನೆ ಫೋನ್ ಮಾಡಿದ್ದ. ಎಲ್ಲೋ ಪ್ರೆಸೆಂಟೇಶನ್ ಇದೆಯಂತೆ, ಚರಟಕ್ಕೂ ಹೊಟ್ಟಿಗೂ ಅಂಬಲಿಗೂ ಸರಿಯಾದ ಅಳತೆ ಬರೆದು ಕಳಿಸಬೇಕಂತೆ. ಭಾನುವಾರ ಬಾರೋ ಅಂದೆ. ಏಣಿ ಇದೆ, ತಂತಿ ಬ್ರಷ್ಷಿದೆ, ಹಳೇ ಲುಂಗಿ ಕೊಡುತ್ತೇನೆ. ಮೊದಲು ಸೂರು ಹತ್ತಿ ಹೊಗೆಗೊಳವೆಯನ್ನು ಮೇಲಿನಿಂದ ಕೆಳಗಿನವರೆಗೆ ಕೆರೆದು, ಬಿದ್ದ ಮಸಿಯನ್ನು ತಕ್ಕಡಿಗಿಟ್ಟು ತೂಕ ಬರೆದುಕೊಳ್ಳಲಿ, ಅದು ಅವನ ಮೊದಲ ಸ್ಲೈಡಿಗೆ. ಅಂಬಲಿಯ ಹದ ಆಮೇಲೆ.